ಅನಾತೋತಿನ ಹೊಲ: ಯೆರೆಮೀಯ 32ರ ಭರವಸೆ ಯಾರಿಗೆ?

ಪ್ರಶ್ನೆ:

ಅಯ್ಯನವರೇ, ವಂದನೆಗಳು. ನಮ್ಮ ಅಣ್ಣ ಊರಾಚೆ ಒಂದು ಸೈಟು ನೋಡಿದ್ದಾನೆ. ಕೈಯಲ್ಲಿರುವ ದುಡ್ಡು ಸಾಲದು, ದೊಡ್ಡ ಸಾಲ ಮಾಡಿಯೇ ಕೊಳ್ಳಬೇಕು. ಮೊನ್ನೆ ಮನೆಯ ಪ್ರಾರ್ಥನಾ ಕೂಟಕ್ಕೆ ಬಂದವರೊಬ್ಬರು ಯೆರೆಮೀಯ 32:15 ಓದಿ, "ಮನೆ, ಹೊಲ, ದ್ರಾಕ್ಷಿತೋಟಗಳನ್ನು ಮತ್ತೆ ಕೊಳ್ಳುವಿರಿ ಅಂತ ದೇವರೇ ನಿಮಗೆ ವಾಗ್ದಾನ ಕೊಟ್ಟಿದ್ದಾರೆ, ಧೈರ್ಯವಾಗಿ ಮುಂದೆ ಹೋಗಿ" ಅಂದರು. ಅಣ್ಣ ಅದನ್ನೇ ಹಿಡಿದು ಕೂತಿದ್ದಾನೆ, ಅತ್ತಿಗೆಗೆ ಭಯ. ನಾನು ಆ ಅಧ್ಯಾಯ ಪೂರ್ತಿ ಓದಿದೆ. ಯುದ್ಧ, ಬರಗಾಲ, ಸೆರೆಮನೆ ಎಲ್ಲ ಇದೆ. ಸಂತೋಷದ ಸುದ್ದಿಯ ಹಾಗೆ ಕಾಣಲಿಲ್ಲ. ಹಳೆಯ ಒಡಂಬಡಿಕೆ ಪಾಠ ಮಾಡುವವರು ನೀವು. ಈ ಪ್ರವಾದನೆಯ ಅರ್ಥ ಏನು, ಬಿಡಿಸಿ ಹೇಳುತ್ತೀರಾ?

ಉತ್ತರ:

ತಂಗೀ, ಪೂರ್ತಿ ಓದಿದ್ದು ಒಳ್ಳೆಯದಾಯಿತು. 15ನೇ ವಚನವನ್ನಷ್ಟೇ ಕಿತ್ತು ತೆಗೆದರೆ ಅದನ್ನು ಯಾರ ವ್ಯವಹಾರಕ್ಕೆ ಬೇಕಾದರೂ ಅಂಟಿಸಬಹುದು. ಸುತ್ತಲಿನ ವಚನಗಳು ಅದಕ್ಕೆ ಬಿಡುವುದಿಲ್ಲ.

ಇದು ನಡೆದದ್ದು ಯೆಹೂದದ ಅರಸ ಚಿದ್ಕೀಯನ ಆಳಿಕೆಯ 10ನೇ ವರ್ಷದಲ್ಲಿ, ಅಂದರೆ ಸುಮಾರು ಕ್ರಿ.ಪೂ. 588–587. ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಗೋಡೆ ಹತ್ತಲು ಮಣ್ಣಿನ ದಿಬ್ಬಗಳನ್ನು ಎಬ್ಬಿಸಿದ್ದಾರೆ, ಊರೊಳಗೆ ಹಸಿವು ಮತ್ತು ರೋಗ. ಪಟ್ಟಣ ಶತ್ರುವಿನ ಕೈಗೆ ಹೋಗುತ್ತದೆ ಎಂದು ಮತ್ತೆ ಮತ್ತೆ ಹೇಳಿದ್ದಕ್ಕೆ ಅರಸನೇ ಪ್ರವಾದಿ ಯೆರೆಮೀಯನನ್ನು ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾನೆ. ಊಟಕ್ಕೆ ದಿನಕ್ಕೊಂದು ರೊಟ್ಟಿ, ಅದೂ ಪಟ್ಟಣದಲ್ಲಿ ರೊಟ್ಟಿ ಇರುವ ತನಕ ಮಾತ್ರ.

ಅಲ್ಲಿಗೆ ಚಿಕ್ಕಪ್ಪ ಶಲ್ಲೂಮನ ಮಗ ಹನಮೇಲ ಬಂದು, "ಅನಾತೋತಿನ ನನ್ನ ಹೊಲ ನೀನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು" ಅನ್ನುತ್ತಾನೆ. ಯಾಜಕಕಾಂಡ 25ರ ನಿಯಮ ಅದು: ಬಡತನಕ್ಕೆ ಬಿದ್ದವನ ಭೂಮಿ ಕುಲದ ಕೈತಪ್ಪಬಾರದು, ಹತ್ತಿರದ ರಕ್ತಸಂಬಂಧಿ ಅದನ್ನು ಬಿಡಿಸಿಕೊಳ್ಳಬೇಕು. ಅನಾತೋತ್ ಯೆರೂಸಲೇಮಿನಿಂದ ಈಶಾನ್ಯಕ್ಕೆ ಐದು ಕಿಲೋಮೀಟರಿನಷ್ಟೂ ದೂರವಿಲ್ಲ, ಯೆರೆಮೀಯನ ಸ್ವಂತ ಊರು. ಆದರೆ ಸುತ್ತೆಲ್ಲ ಬಾಬೆಲಿನ ಸೈನ್ಯ. ಕೊಂಡವನು ಆ ಹೊಲದಲ್ಲಿ ಕಾಲಿಡುವಂತಿಲ್ಲ. ಹಿಂದೆ ಇವನನ್ನು ಕೊಲ್ಲಲು ಸಂಚು ಮಾಡಿದವರೂ ಅದೇ ಊರಿನವರು (11:21). ಅಂಥ ಊರಿನ ಹೊಲಕ್ಕೆ ಯೆರೆಮೀಯ 17 ಶೆಕೆಲ್ ಬೆಳ್ಳಿ ಕೊಡುತ್ತಾನೆ. ಯೆಹೂದದಲ್ಲಿ ಆಗ ನಾಣ್ಯ ಚಲಾವಣೆಗೆ ಬಂದಿರಲಿಲ್ಲ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಬೇಕಿತ್ತು. ಒಟ್ಟು ಇನ್ನೂರು ಗ್ರಾಮಿಗೆ ಸ್ವಲ್ಪ ಕಡಿಮೆ ಆಗುತ್ತದೆ.

ಈಗ 9ರಿಂದ 14ನೇ ವಚನ ನಿಧಾನವಾಗಿ ನೋಡಿ. ಪತ್ರ ಬರೆದ, ಮುದ್ರೆ ಹಾಕಿದ, ಸಾಕ್ಷಿಗಳನ್ನು ಕರೆದ, ಬೆಳ್ಳಿ ತೂಗಿದ. ಮುಚ್ಚಿ ಮುದ್ರಿಸಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಅಂಗಳದಲ್ಲಿ ಕೂತ ಎಲ್ಲರ ಕಣ್ಣೆದುರಿಗೇ ತನ್ನ ಬರಹಗಾರ, ನೇರೀಯನ ಮಗ ಬಾರೂಕನ ಕೈಗೆ ಕೊಟ್ಟು, ಬಹಳ ಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡು ಅಂದ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ಮಾಡಿಸುವಾಗ ಇರುವಷ್ಟೇ ಅಚ್ಚುಕಟ್ಟು, ಅದೂ ಕೆಲವೇ ತಿಂಗಳಲ್ಲಿ ಸುಟ್ಟುಹೋಗಲಿದ್ದ ಪಟ್ಟಣದಲ್ಲಿ. ಇದೆಲ್ಲ ಮುಗಿದ ಮೇಲೆ 15ನೇ ವಚನ ಬರುತ್ತದೆ: ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಳ್ಳುವರು.

ಅಂದರೆ ಈ ಹೊಲ ಕೊಂಡದ್ದೇ ಒಂದು ಪ್ರವಾದನೆ. ಯೆರೆಮೀಯನಿಗೆ ಅದರಿಂದ ಒಂದು ಹಿಡಿ ಕಾಳೂ ಬರಲಿಲ್ಲ. ತಾನು ಕಾಣದ ದಿನಕ್ಕಾಗಿ, ಮುಂದೆ ಬರುವವರ ಪರವಾಗಿ, ತನ್ನ ಬೆಳ್ಳಿಯನ್ನು ಅವನು ಇಂದೇ ತೂಗಿ ಕೊಟ್ಟ. ಈ ಭರವಸೆಯಲ್ಲಿ ಲಾಭದ ಮಾತಿಲ್ಲ, ಮೊದಲು ಕಳೆದುಕೊಳ್ಳುವುದೇ ಇದೆ.

ಇನ್ನೊಬ್ಬರ ಪ್ರಶ್ನೆ:

ಸರ್, ಒಂದೇ ಹೊಲಕ್ಕೆ ಎರಡು ಪ್ರತಿ ಯಾಕೆ? ಪಾತ್ರೆಯಲ್ಲಿ ಇಡುವುದು ಯಾಕೆ?

ಉತ್ತರ:

ಆ ಕಾಲದ ವ್ಯವಹಾರದ ಪದ್ಧತಿ. ಒಳಗಿನ ಬರಹವನ್ನು ಸುತ್ತಿ, ದಾರ ಕಟ್ಟಿ, ಮುದ್ರೆ ಒತ್ತಿಡುವುದು, ಅದನ್ನು ತಿದ್ದಲು ಯಾರಿಗೂ ಆಗದು. ಹೊರಗಿನದನ್ನು ಬೇಕಾದಾಗ ಓದಿಕೊಳ್ಳಬಹುದು. ವ್ಯಾಜ್ಯ ಬಂದರೆ ಮುದ್ರೆ ಒಡೆದು ಎರಡನ್ನೂ ಹೋಲಿಸಿ ನೋಡುವುದು. ಮೃತ ಸಮುದ್ರದ ಪಶ್ಚಿಮಕ್ಕಿರುವ ಒಂದು ಗುಹೆಯಲ್ಲಿ 1961ರಲ್ಲಿ ಬಾಬಥಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳು ಸಿಕ್ಕವು. ಯೆರೆಮೀಯನಿಗಿಂತ ಸುಮಾರು 700 ವರ್ಷ ಈಚಿನವು, ಅವುಗಳಲ್ಲಿಯೂ ಹೀಗೆ ಒಳಗೊಂದು ಹೊರಗೊಂದು ಬರೆದು ಕಟ್ಟಿದ ಪತ್ರಗಳಿವೆ. ಇನ್ನು ಪಾತ್ರೆಯ ವಿಷಯ: ಅದೇ ಮೃತ ಸಮುದ್ರದ ಹತ್ತಿರದ ಕುಮ್ರಾನಿನ ಗುಹೆಗಳಲ್ಲಿ 1947ರಿಂದ ಸಿಕ್ಕ ಸುರುಳಿಗಳಲ್ಲಿ ಕೆಲವು ಮಣ್ಣಿನ ಜಾಡಿಗಳಲ್ಲೇ ಇದ್ದವು, ಎರಡು ಸಾವಿರ ವರ್ಷ ಬಾಳಿದ್ದವು. ಬಾರೂಕನಿಗೆ ಹೇಳಿದ ಮಾತು ಬರೀ ಶಾಸ್ತ್ರಕ್ಕೆ ಹೇಳಿದ್ದಲ್ಲ, ನಿಜಕ್ಕೂ ಪತ್ರ ಉಳಿಯಬೇಕು ಎಂದೇ ಹೇಳಿದ್ದು.

ಪ್ರಶ್ನೆ:

16ನೇ ವಚನದಿಂದ ಯೆರೆಮೀಯ ಪ್ರಾರ್ಥನೆ ಮಾಡುತ್ತಾನಲ್ಲ, ಅಲ್ಲಿ ಅವನಿಗೇ ಸಂಶಯ ಬಂದ ಹಾಗಿದೆ. ಪ್ರವಾದಿಗೂ ಸಂಶಯವೇ?

ಉತ್ತರ:

ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ಗಮನಿಸಿ, ಅವನು ಮೊದಲು ಹೇಳಿದಂತೆ ಮಾಡುತ್ತಾನೆ, ಆಮೇಲೆ ಕೇಳುತ್ತಾನೆ. ಪ್ರಾರ್ಥನೆ ಶುರುವಾಗುವುದು "ನಿನಗೆ ಅಸಾಧ್ಯವಾದದ್ದು ಒಂದೂ ಇಲ್ಲ" ಎಂಬ ಮಾತಿನಿಂದ. ಸೃಷ್ಟಿ, ಐಗುಪ್ತದ ಬಿಡುಗಡೆ, ಜನರ ಅವಿಧೇಯತೆ ಎಲ್ಲ ಹೇಳಿಕೊಂಡು ಬಂದು ಕೊನೆಗೆ, ದಿಬ್ಬಗಳು ಪಟ್ಟಣದ ಗೋಡೆ ಮುಟ್ಟಿವೆ, ನೀನೇ ನೋಡುತ್ತಿದ್ದೀ, ಹೀಗಿದ್ದರೂ ಹೊಲ ಕೊಂಡುಕೋ ಅಂದೆಯಲ್ಲ ಎಂದು ನಿಲ್ಲುತ್ತಾನೆ. ಬೇಡಿಕೆಯೇ ಇಲ್ಲ. ಅರ್ಥವಾಗದ್ದನ್ನು ದೇವರ ಮುಂದೆ ಇಟ್ಟು ಸುಮ್ಮನಾಗುತ್ತಾನೆ. ಇದನ್ನು ಅವಿಶ್ವಾಸ ಎಂದು ನಾನು ಕರೆಯಲಾರೆ.

ಉತ್ತರವನ್ನೂ ನೋಡಿ. ದೇವರು ಅವನ ಮಾತನ್ನೇ ಎತ್ತಿಕೊಂಡು "ನನಗೆ ಅಸಾಧ್ಯವಾದದ್ದು ಉಂಟೋ?" ಎನ್ನುತ್ತಾರೆ. ಆದರೆ ತಕ್ಷಣ ಸಮಾಧಾನ ಹೇಳುವುದಿಲ್ಲ. 28ರಿಂದ 35ರ ತನಕ ಪಟ್ಟಣ ಸುಟ್ಟುಹೋಗುತ್ತದೆ, ಯಾಕೆ ಸುಟ್ಟುಹೋಗುತ್ತದೆ ಎಂಬ ಕಠಿಣ ಮಾತು. ಆಮೇಲೆ 36ರಿಂದ ಪುನಃಸ್ಥಾಪನೆ: ಚದರಿದವರನ್ನು ಕೂಡಿಸುವೆನು, ಒಂದೇ ಮನಸ್ಸು ಕೊಡುವೆನು, ಶಾಶ್ವತ ಒಡಂಬಡಿಕೆ ಮಾಡುವೆನು. 41ರಲ್ಲಿ, ಪೂರ್ಣ ಹೃದಯದಿಂದ ಪೂರ್ಣ ಮನಸ್ಸಿನಿಂದ ಇವರನ್ನು ಈ ದೇಶದಲ್ಲಿ ನೆಡುವೆನು ಎಂಬ ಮಾತು. ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸಬೇಕು ಎಂದು ಜನರಿಗೆ ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ದೇವರೇ ಆ ಮಾತನ್ನು ತನ್ನ ಬಗ್ಗೆ ಆಡುತ್ತಾರೆ. ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಪ್ರಶ್ನೆ:

ಈ ಪ್ರವಾದನೆ ನೆರವೇರಿತೋ, ಇನ್ನೂ ಬಾಕಿಯೋ? 1948ರಲ್ಲಿ ಇಸ್ರೇಲ್ ದೇಶವಾದದ್ದೇ ಇದು ಎನ್ನುತ್ತಾರಲ್ಲ?

ಉತ್ತರ:

ಮೊದಲು ಬೈಬಲ್ಲಿನೊಳಗೇ ನೋಡೋಣ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದ. ಮರುವರ್ಷದ ಹೊತ್ತಿಗೆ, ಯೆರೂಸಲೇಮ್ ಬಿದ್ದಾಗ ಬಾಬೆಲಿಗೆ ಸೆರೆಹೋಗಿದ್ದ ಯೆಹೂದದ ಜನರಿಗೆ ಹಿಂದಿರುಗಲು ಅಪ್ಪಣೆ ಸಿಕ್ಕಿತು. ಹಿಂದಿರುಗಿದವರ ಪಟ್ಟಿ ಎಜ್ರ 2ರಲ್ಲಿದೆ. ಬೇಸರ ಹಿಡಿಸುವ ಪಟ್ಟಿ ಎಂದು ನಾವು ದಾಟಿಬಿಡುತ್ತೇವೆ. ಅದರ 23ನೇ ವಚನ: ಅನಾತೋತಿನವರು 128 ಮಂದಿ. ನೆಹೆಮೀಯ 11:32ರಲ್ಲಿ ಬೆನ್ಯಾಮೀನ್ ಕುಲದವರು ವಾಸಿಸಿದ ಊರುಗಳಲ್ಲೂ ಅನಾತೋತ್ ಇದೆ. ಹೊಲ ಕೊಂಡ ಯೆರೆಮೀಯನನ್ನಾದರೋ ಅವನದೇ ಜನ ಐಗುಪ್ತಕ್ಕೆ ಎಳೆದುಕೊಂಡು ಹೋದರು (ಅಧ್ಯಾಯ 43). ಅವನು ಹಿಂದಿರುಗಿದ ಸುದ್ದಿ ಬೈಬಲಿನಲ್ಲಿ ಇಲ್ಲ.

ಒಂದೇ ಮನಸ್ಸು, ಶಾಶ್ವತ ಒಡಂಬಡಿಕೆ ಎಂಬ ಮಾತುಗಳು ಆ ಹಿಂದಿರುಗುವಿಕೆಯಲ್ಲಿ ಮುಗಿದುಹೋಗಲಿಲ್ಲ. ಕ್ರೈಸ್ತರಾದ ನಾವು ಅದನ್ನು 31:31ರ ಹೊಸ ಒಡಂಬಡಿಕೆಯೊಂದಿಗೆ ಸೇರಿಸಿ ಕ್ರಿಸ್ತನಲ್ಲಿ ಓದುತ್ತೇವೆ, ಇಬ್ರಿಯ 8 ಹಾಗೆಯೇ ಓದುತ್ತದೆ. ಯೆಹೂದ್ಯರಿಗೆ ಇದು ಇಂದಿಗೂ ಅವರದೇ ಭರವಸೆ. ಮುಂದಿನ ಅಧ್ಯಾಯದ 10–11ನೇ ವಚನ, ಯೆಹೂದದ ಊರುಗಳಲ್ಲಿ ವಧೂವರರ ಧ್ವನಿ ಮತ್ತೆ ಕೇಳಿಬರುವುದು ಎನ್ನುವುದು, ಅವರ ಮದುವೆಯ ಆಶೀರ್ವಾದಗಳಲ್ಲಿ ಸೇರಿಕೊಂಡಿದೆ.

1948ರ ಬಗ್ಗೆ ಕ್ರೈಸ್ತರಲ್ಲಿ ಒಮ್ಮತ ಇಲ್ಲ. ಈ ಅಧ್ಯಾಯವನ್ನು ಒಂದು ಆಧುನಿಕ ರಾಷ್ಟ್ರದ ತಾರೀಖಿಗೆ ಕಟ್ಟಿಹಾಕಲು ನಾನು ಒಪ್ಪುವುದಿಲ್ಲ. ಇಲ್ಲಿನ ಹೊಲ ಮಾಲೀಕನ ಒಪ್ಪಿಗೆಯಿಂದ, ಬೆಳ್ಳಿ ತೂಗಿ, ಸಾಕ್ಷಿಗಳ ಮುಂದೆ ಕೈ ಬದಲಾಯಿತು. ಇಂದು ಆ ಭಾಗದಲ್ಲಿರುವ ಅನಾತಾ ಪ್ಯಾಲೆಸ್ಟೀನಿಯರ ಊರು. ಈ ವಾಕ್ಯ ಹಿಡಿದು ಯಾರ ಮನೆಯನ್ನಾದರೂ ಕಿತ್ತುಕೊಳ್ಳಬಹುದು ಅನ್ನುವವರು 32ನೇ ಅಧ್ಯಾಯದ 10ನೇ ವಚನ ಓದಿಲ್ಲ ಎಂದೇ ನನ್ನ ತಿಳಿವಳಿಕೆ.

ಮೊದಲು ಕೇಳಿದವರಿಂದ:

ಹಾಗಾದರೆ ಅಣ್ಣನಿಗೆ ಏನು ಹೇಳಲಿ ಅಯ್ಯನವರೇ? ನಮಗೆ ಇದರಲ್ಲಿ ಏನೂ ಇಲ್ಲವೇ?

ಉತ್ತರ:

ಇದೆ ತಂಗೀ. ಮನೆ ಮುರಿದು, ಊರು ಬಿಟ್ಟು, ಎಲ್ಲ ಮುಗಿಯಿತು ಅಂದುಕೊಂಡವರ ಹತ್ತಿರ ಕೂತು ಓದಬೇಕಾದ ಅಧ್ಯಾಯ ಇದು. ನಾಶವನ್ನು ಮುಚ್ಚಿಡದೆ, ಅದರಾಚೆಗೂ ತನ್ನ ಜನರಿಗೆ ಒಳ್ಳೆಯದನ್ನೇ ನೆಡುವ ದೇವರು ಇಲ್ಲಿದ್ದಾರೆ. ಆದರೆ ಇಂಥ ಸೈಟು ಕೊಳ್ಳು, ಕಂತು ನಾನು ಕಟ್ಟುತ್ತೇನೆ ಎಂಬ ಮಾತು ಇಲ್ಲಿ ಇಲ್ಲ. ಯೆರೆಮೀಯ ಕೈಯಲ್ಲಿದ್ದ ಬೆಳ್ಳಿಯನ್ನು ತೂಗಿದ, ಸಾಲ ಎತ್ತಲಿಲ್ಲ. ಸೈಟಿನ ವಿಚಾರವನ್ನು ಅಣ್ಣ ಸಂಬಳ, ಕಂತು, ಮಕ್ಕಳ ಫೀಸು ಇವನ್ನಿಟ್ಟುಕೊಂಡು ತೀರ್ಮಾನಿಸಲಿ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಲಿ. ಅತ್ತಿಗೆ ಒಪ್ಪದೆ ಸಹಿ ಹಾಕುವುದು ಬೇಡ. ಅವರ ಭಯವನ್ನು ಯಾರೂ ಅವಿಶ್ವಾಸ ಅನ್ನದಿರಲಿ.

ಮನೆಯಲ್ಲಿ ಕೂತು ಓದುವುದಾದರೆ 37ನೇ ಅಧ್ಯಾಯದ 11ರಿಂದ ಶುರು ಮಾಡಿ, ಯೆರೆಮೀಯ ಸೆರೆಯಾದದ್ದು ಹೇಗೆಂದು ಅಲ್ಲಿದೆ. ಆಮೇಲೆ 32 ಪೂರ್ತಿ, ಅದಾದ ಮೇಲೆ ಎಜ್ರ 2ರ ಪಟ್ಟಿ. 32:16–25ರ ಪ್ರಾರ್ಥನೆಯನ್ನು ಅಣ್ಣನೇ ಗಟ್ಟಿಯಾಗಿ ಓದಲಿ. ಓದಿದ ಮೇಲೆ ಏನಾದರೂ ಪ್ರಶ್ನೆ ಉಳಿದರೆ ಇಲ್ಲೇ ಹಾಕಿ, ಇಲ್ಲವೇ ಇಬ್ಬರನ್ನೂ ನನ್ನ ಹತ್ತಿರ ಕಳಿಸಿ.