ಇಳಿಜಾರಾದ ಪಕಾಸು ‘ಮಟ್ಟಕ್ಕೆ’ ಬರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ‘ಮಟ್ಟ’ ಅನ್ನುವ ಪದದ ಬಗ್ಗೆ ಒಂದು ಪ್ರಶ್ನೆ.

ಹೋದ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಮಾಡು ಬಿಚ್ಚಿ ಹೊಸ ಮರ ಹಾಕಿಸಿದೆವು. ಮಂಗಳೂರು ಹೆಂಚಿನ ಮಾಡು. ಪಕಾಸು, ಅಂದರೆ ಮಾಡಿನ ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳು, ಎಲ್ಲ ಕೂರಿಸಿ ಆಗಿತ್ತು. ಇನ್ನೇನು ಅವುಗಳ ಮೇಲೆ ಅಡ್ಡಲಾಗಿ ರೀಪು (ಹೆಂಚು ಕೂರುವ ಮರದ ಪಟ್ಟಿ) ಹೊಡೆದು ಹೆಂಚು ಹೊದಿಸೋದು ಅಂದುಕೊಂಡಿದ್ದೆ. ಬಡಗಿ ಆಚಾರ್ರು ಒಂದು ಕಣ್ಣು ಮುಚ್ಚಿ ಮಾಡಿನುದ್ದಕ್ಕೂ ನೋಡಿದರು. “ಪಕಾಸು ಇನ್ನೂ ಮಟ್ಟಕ್ಕೆ ಬಂದಿಲ್ಲ, ರೀಪು ಹೊಡೀಬೇಡ್ರೋ” ಅಂದರು. ನನಗೆ ವಿಚಿತ್ರ ಅನ್ನಿಸಿತು. ಪಕಾಸು ಇರೋದೇ ಇಳಿಜಾರಾಗಿ ಅಲ್ವಾ? ಮಟ್ಟವಾಗಿದ್ದರೆ ನೀರು ಎಲ್ಲಿ ಇಳಿಯಬೇಕು?

ಅವರು ಮೊದಲ ಪಕಾಸಿನಿಂದ ಕೊನೆಯದಕ್ಕೆ ದಾರ ಬಿಗಿದರು. ಎರಡೂ ತುದಿಯಲ್ಲಿ ದಾರದ ಅಡಿಗೆ ಒಂದೇ ದಪ್ಪದ ಮರದ ಚಕ್ಕೆ ಇಟ್ಟರು. ಅಷ್ಟೇ ದಪ್ಪದ ಮೂರನೇ ಚಕ್ಕೆ ಕೈಯಲ್ಲಿ. ಅದನ್ನು ಒಂದೊಂದೇ ಪಕಾಸಿನ ಮೇಲಿಟ್ಟು ದಾರದಡಿ ತೂರಿಸುತ್ತಾ ಹೋದರು. ಚಕ್ಕೆ ದಾರವನ್ನು ಎತ್ತಿದರೆ ಆ ಪಕಾಸು ಉಬ್ಬು, ಬಾಚಿಯಲ್ಲಿ ಕೆತ್ತಬೇಕು. ಚಕ್ಕೆಗೂ ದಾರಕ್ಕೂ ನಡುವೆ ಬೆಳಕು ಕಂಡರೆ ತಗ್ಗು, ತೆಳು ಪಟ್ಟಿ ಕೊಡಬೇಕು. ಏಳನೇ ಪಕಾಸು ಅರ್ಧ ಇಂಚು ಹೊಟ್ಟೆ ಬಿಟ್ಟಿತ್ತು. ಸೂರಿನ ಹತ್ತಿರ ಒಂದು ಸಲ, ನಡುವೆ ಒಂದು ಸಲ, ಮೇಲೆ ಒಂದು ಸಲ ಹೀಗೇ ಆಯಿತು. ಗಾಜಿನ ಕೊಳವೆಯ ಗುಳ್ಳೆ ನೋಡಿ ಮಟ್ಟ ಹಿಡಿಯುವ ರಸಮಟ್ಟ ಮಾತ್ರ ಚೀಲದಿಂದ ಹೊರಗೇ ಬರಲಿಲ್ಲ. ಗೋಡೆ ಮೇಲಿನ ಮರ ಇಡುವಾಗ ಅದರ ಕೆಲಸ ಮುಗಿದಿತ್ತು.

ಇಷ್ಟೆಲ್ಲ ಯಾಕೆ ಅಂದರೆ, ಹೆಂಚಿನ ಹಿಂದಿನ ಗುಬ್ಬಿ ರೀಪಿಗೆ ಸಿಕ್ಕಬೇಕು, ಪಕ್ಕದ ಅಂಚು ಇನ್ನೊಂದು ಹೆಂಚಿನ ಅಂಚಿನಲ್ಲಿ ಕೂರಬೇಕು. ಒಂದು ಪಕಾಸು ಎದ್ದಿದ್ದರೆ ಅಲ್ಲಿನ ಹೆಂಚೆಲ್ಲ ಅಲ್ಲಾಡುತ್ತವೆ. ಆಷಾಢದ ಎರಚಲು ನೇರ ಅಟ್ಟಕ್ಕೆ.

ಹಾಗಾದರೆ ಇಲ್ಲಿ ‘ಮಟ್ಟ’ ಅಂದರೆ ಏನು? ನೆಲದಂತೆ ಚಪ್ಪಟೆ ಅಂತೂ ಅಲ್ಲ. ‘ಮೂಲೆಮಟ್ಟ’ ನೆನಪಿಸಿಕೊಳ್ಳಿ. ಶಾಲೆಯ ಕಂಪಾಸು ಪೆಟ್ಟಿಗೆಯಲ್ಲೂ ಇತ್ತು. ಅದು ನೋಡೋದು ಮೂಲೆಯನ್ನು, ಚಪ್ಪಟೆತನವನ್ನಲ್ಲ. ‘ಅಷ್ಟರ ಮಟ್ಟಿಗೆ’ ಅನ್ನುವಾಗಲೂ ಅಳತೆ, ಮಿತಿ ಅನ್ನುವ ಅರ್ಥವೇ. ನನ್ನ ಊಹೆ ಇಷ್ಟು: ಯಾವ ಗುರುತಿಗೆ ಹಿಡಿದು ನೋಡುತ್ತೇವೋ ಆ ಗುರುತಿಗೆ ಸರಿಯಾಗಿ ಕೂತರೆ ಅದು ಮಟ್ಟ. ಇಲ್ಲಿ ಗುರುತು ದಾರ. ರೇಖಾಗಣಿತದ ‘ಸಮತಲ’ವೂ ಹೊಂದುತ್ತದೆ ನಿಜ, ಆದರೆ ಮಾಡಿನ ಮೇಲೆ ಕೂತು ಹಾಗೆ ಅನ್ನುವವರನ್ನು ನಾನಂತೂ ಕಂಡಿಲ್ಲ.

ನಡುವೆ ಒಂದು ಮಾತು. ‘ರೀಪು’ ಸುಮ್ನೆ ಇಂಗ್ಲಿಷಿನ ರೀಪರ್ ಅಂತ ನಾನು ನಂಬಿದ್ದೆ. ಆಂಗ್ಲೋ-ಇಂಡಿಯನ್ ಪದಗಳ 1886ರ ಹಾಬ್ಸನ್-ಜಾಬ್ಸನ್ ನಿಘಂಟು ನೋಡಿದರೆ ಬೇರೆಯೇ ಇದೆ. ಹಿಂದಿ ನಿಘಂಟುಗಳಲ್ಲಿ ಸಿಗಲಿಲ್ಲ, ಮರಾಠಿಯಲ್ಲಿ ‘ರೀಪ್’ ಇದೆ ಅನ್ನುತ್ತದೆ. ಮರಾಠಿಯಿಂದಲೇ ನಮಗೂ ಬಂದಿರಬಹುದಾ?

ಈಗ ಕೇಳಬೇಕಾದ್ದು. ನಿಮ್ಮ ಕಡೆ ಬಡಗಿಗಳು ಇದಕ್ಕೆ ಏನನ್ನುತ್ತಾರೆ? ‘ನೂಲಿಗೆ ಬಂತು’ ಅನ್ನೋದು ಎಲ್ಲಾದರೂ ಇದೆಯಾ? ಉತ್ತರ ಕರ್ನಾಟಕದವರಿಗೆ ಇನ್ನೊಂದು. ತೊಲೆ, ಜಂತಿ ಇಟ್ಟು ಮೇಲೆ ಮಣ್ಣು ಹಾಕುವ ಮಾಳಿಗೆಗೂ ನೀರು ಹೋಗಲು ಸ್ವಲ್ಪ ವಾಟ ಬೇಕೇ ಬೇಕು. ಅಲ್ಲಿ ವಾಟ ಕೊಟ್ಟ ಜಂತಿಗಳನ್ನೂ ‘ಮಟ್ಟಕ್ಕಿವೆ’ ಅಂತಾರಾ, ಅಥವಾ ಅದಕ್ಕೆ ಬೇರೆ ಪದವೇ ಇದೆಯಾ?