ಸಹಾಯ ಬೇಕು: ಕೆಫೀನ್ ಕಡಿಮೆ ಆಗಬೇಕು, ಕಾಫಿ ಖರ್ಚೂ ಇಳಿಯಬೇಕು

ಎಲ್ಲರಿಗೂ ನಮಸ್ಕಾರ. ನಾನು ದಿನಕ್ಕೆ ಐದು ಕಪ್ ಕಾಫಿ ಕುಡಿಯುತ್ತೇನೆ, ಎಲ್ಲವೂ ಮನೆಯಲ್ಲೇ ಮಾಡಿದ್ದು. ಈಗೀಗ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕಾಫಿಪುಡಿಯ ಖರ್ಚೂ ಜಾಸ್ತಿ ಆಗಿದೆ. ನಿದ್ದೆ ಕೆಡಿಸುವ ಕೆಫೀನ್, ಖರ್ಚು ಎರಡನ್ನೂ ಒಟ್ಟಿಗೆ ಇಳಿಸೋಣ ಅಂತ ಹೊರಟೆ.

ಮೊದಲು ಒಮ್ಮೆಲೇ ಬಿಟ್ಟೆ. ಮರುದಿನವೇ ತಲೆ ಸಿಡಿಯುವಷ್ಟು ನೋವು, ಎರಡನೇ ದಿನ ಇನ್ನೂ ಜೋರು. ಮೂರನೇ ದಿನ ಮತ್ತೆ ಶುರು ಮಾಡಿದೆ. ಆಮೇಲೆ ಸಂಜೆ ಕಾಫಿ ಮಾತ್ರ ನಿಲ್ಲಿಸಿದೆ. ಕುಡಿದ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಅದಕ್ಕೆ. ನಿದ್ದೆ ಸ್ವಲ್ಪ ಸುಧಾರಿಸಿದೆ. ಬಳಸಿದ ಪುಡಿಗೇ ಮತ್ತೆ ಬಿಸಿನೀರು ಹಾಕಿ ನೋಡಿದೆ, ಬರೀ ಕಹಿ. ಪುಡಿ ಕಡಿಮೆ ಹಾಕಿದರೆ ನೀರುನೀರು. ಸಮಾಧಾನ ಆಗದೆ ಇನ್ನೊಂದು ಕಪ್ ಕುಡಿಯುತ್ತೇನೆ, ಉಳಿತಾಯವೂ ಆಗಲಿಲ್ಲ.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಅಗ್ಗವಾಗಿ ಸಿಗುವ ರೊಬಸ್ಟಾ ಬಗೆಯ ಕಾಫಿಯಲ್ಲಿ ಅರೇಬಿಕಾ ಬಗೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಅರೇಬಿಕಾ ದುಬಾರಿ. ಕೆಫೀನ್ ತೆಗೆದ ಡಿಕ್ಯಾಫ್ ಪುಡಿಯೂ ದುಬಾರಿಯೇ, ಅದರಲ್ಲೂ ಚೂರು ಕೆಫೀನ್ ಉಳಿದಿರುತ್ತದೆ. ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಬೆಲೆಯೂ ಕಡಿಮೆ. ಹಾಗಾಗಿ ಅರೇಬಿಕಾಗೆ ಚಿಕೋರಿ ಬೆರೆಸುವುದೇ ದಾರಿ ಅನ್ನಿಸುತ್ತಿದೆ. ಆದರೆ ಜಾಸ್ತಿ ಬೆರೆಸಿದರೆ ಕಾಫಿಯ ಘಮವೇ ಹೋಗುತ್ತದೆ ಅಲ್ವಾ? ಬೆಳಗಿನ ಆ ಘಮ ನನಗೆ ಬೇಕೇ ಬೇಕು.

ಹೀಗೆ ಮಾಡಿದವರು ದಯವಿಟ್ಟು ಹೇಳಿ: ರುಚಿ ಕೆಡದಂತೆ ಚಿಕೋರಿ ಎಷ್ಟು ಪಾಲು ಹಾಕಬಹುದು? ತಲೆನೋವು ಬಾರದಿರಲು ಎಷ್ಟು ದಿನಕ್ಕೊಮ್ಮೆ ಒಂದೊಂದು ಕಪ್ ಇಳಿಸಿದಿರಿ?