ಆಲೂಗಡ್ಡೆ ಕೀಳುವ ದಿನ ಬಿತ್ತನೆ ಬೀಜದ ದುಡ್ಡು ಯಾವ ವೆಚ್ಚ?

ಹೊಲದ_ಬದು (ಹಾಸನ)

ನಮಸ್ಕಾರ ಎಲ್ಲರಿಗೂ. ಬಿಎ ಓದುತ್ತಿದ್ದೇನೆ, ಈ ಸೆಮಿಸ್ಟರ್ ಮೈಕ್ರೋ ಎಕನಾಮಿಕ್ಸ್ ಇದೆ. ಟೆಸ್ಟಿನಲ್ಲಿ ಐದು ಮಾರ್ಕಿಗೆ ಒಂದು ಪ್ರಶ್ನೆ ಬಂದಿತ್ತು: ಬೆಲೆಯು ಸರಾಸರಿ ಬದಲಾಗುವ ವೆಚ್ಚಕ್ಕಿಂತ ಕಡಿಮೆ ಇದ್ದರೆ ಸಂಸ್ಥೆ ಏನು ಮಾಡಬೇಕು? ಉದಾಹರಣೆ ಕೊಡಿ. ನಾನು "ಮುಂದುವರಿಸಬಹುದು, ನಮ್ಮಪ್ಪ ಹಾಗೇ ಮಾಡಿದರು" ಅಂತ ನಮ್ಮ ಹೊಲದ ಲೆಕ್ಕವನ್ನೇ ಬರೆದೆ. ಸೊನ್ನೆ ಬಂತು.

ಲೆಕ್ಕ ಇದು. ಒಂದು ಎಕರೆ ಆಲೂಗಡ್ಡೆ. ನೆನಪಿಗೆ ಸುಲಭ ಆಗಲಿ ಅಂತ ರೌಂಡ್ ಮಾಡಿದ್ದೇನೆ. ಬಿತ್ತನೆ ಬೀಜಕ್ಕೆ 18,000. ತಿಪ್ಪೆ ಗೊಬ್ಬರ, ಡಿಎಪಿ ಎಲ್ಲ ಸೇರಿ 12,000. ಅಂಗಮಾರಿ ರೋಗಕ್ಕೆ ಔಷಧಿ ಹೊಡೆದಿದ್ದು 8,000. ಉಳುಮೆ, ಬಿತ್ತನೆ, ಮಣ್ಣು ಏರಿಸಿದ್ದು 12,000. ಇಲ್ಲಿಗೆ 50,000. ಆಮೇಲೆ ಕೀಳುವುದಕ್ಕೆ ಕೂಲಿ 10,000, ಚೀಲ ಮತ್ತು ಗಾಡಿ ಬಾಡಿಗೆ 5,000. ಒಟ್ಟು 65,000. ಬೆಳೆ ಬಂದಿದ್ದು 50 ಕೆಜಿಯ 100 ಮೂಟೆ. ಅಂದರೆ ಮೂಟೆಗೆ 650. ಕೀಳುವ ವಾರ ಬೆಲೆ ಮೂಟೆಗೆ 400.

ಪುಸ್ತಕದ ಪ್ರಕಾರ ಬೀಜ, ಗೊಬ್ಬರ, ಕೂಲಿ ಎಲ್ಲವೂ ಬದಲಾಗುವ ವೆಚ್ಚ. ಜಾಸ್ತಿ ಬೆಳೆದರೆ ಜಾಸ್ತಿ, ಕಡಿಮೆ ಬೆಳೆದರೆ ಕಡಿಮೆ. 400 ಅನ್ನುವುದು 650ಕ್ಕಿಂತ ಕಡಿಮೆ, ಹಾಗಾಗಿ ನಿಲ್ಲಿಸಬೇಕು. ಆದರೆ ಅಪ್ಪ ಎಂಟು ದಿನ ಕಾದು ನೋಡಿ, ಮಳೆ ಹಿಡಿದುಕೊಳ್ಳುತ್ತೆ ಅಂತ ಕೀಳಿಸಿಬಿಟ್ಟರು. ಅವರು ಮಾಡಿದ್ದು ತಪ್ಪಾ? ಪುಸ್ತಕ ತಪ್ಪಾ?

ಇನ್ನೊಂದು ಚಿಕ್ಕ ಪ್ರಶ್ನೆ. ನಾನಿರುವ ಹಾಸ್ಟೆಲ್ಲಿನಲ್ಲಿ ಮೆಸ್ಸಿಗೆ ತಿಂಗಳಿಗೆ 2,400 ಮೊದಲೇ ಕಟ್ಟಬೇಕು, ಎರಡು ಹೊತ್ತಿನ ಊಟಕ್ಕೆ. ಶನಿವಾರ ರಾತ್ರಿ ಉಪ್ಪಿಟ್ಟು. ನಾನು ಹೊರಗೆ ಹೋಗಿ 50 ರೂಪಾಯಿಯ ಮಸಾಲೆ ದೋಸೆ ತಿಂದರೆ ರೂಮ್‌ಮೇಟ್ "ದುಡ್ಡು ಕಟ್ಟಿದ್ದೀಯಲ್ಲ, ವೇಸ್ಟ್" ಅಂತಾಳೆ. ಇದಕ್ಕೂ ಆಲೂಗಡ್ಡೆ ಲೆಕ್ಕಕ್ಕೂ ಏನೋ ಸಂಬಂಧ ಇದೆ ಅನ್ನಿಸುತ್ತಿದೆ, ಹಿಡಿಯೋಕೆ ಆಗುತ್ತಿಲ್ಲ.

(ಗಿಫೆನ್ ವಸ್ತುವಿಗೆ ಐರ್ಲೆಂಡಿನ ಆಲೂಗಡ್ಡೆ ಉದಾಹರಣೆ ಅಂತ ನೋಟ್ಸಿನಲ್ಲಿದೆ. ಬೆಲೆ ಏರಿದರೆ ಜನ ಇನ್ನೂ ಜಾಸ್ತಿ ಕೊಳ್ಳುತ್ತಾರಂತೆ. ನಮ್ಮನೆಯಲ್ಲಿ ಆಲೂಗಡ್ಡೆ ರೇಟು ಏರಿದರೆ ಅಮ್ಮ ಸಾರಿಗೆ ಸೋರೆಕಾಯಿ ಹಾಕುತ್ತಾರೆ, ಅಷ್ಟೇ.)

ಸೀಮೆಸುಣ್ಣ (ಚಿಕ್ಕಮಗಳೂರು, ನಿವೃತ್ತ)

ನೋಡಮ್ಮ, ನಿಮ್ಮಪ್ಪ ಸರಿ. ಪುಸ್ತಕವೂ ಸರಿ. ನೀನು ಎರಡು ಬೇರೆ ಬೇರೆ ದಿನದ ಲೆಕ್ಕವನ್ನು ಒಂದೇ ಚೀಟಿಯಲ್ಲಿ ಬರೆದಿದ್ದೀಯ.

ಯಾವ ವೆಚ್ಚ ಬದಲಾಗುತ್ತದೆ ಅನ್ನುವುದು ವಸ್ತುವಿನ ಮೇಲೆ ಬರೆದಿರುವುದಿಲ್ಲ. ನೀನು ಯಾವ ದಿನ ನಿಂತು ನಿರ್ಧಾರ ಮಾಡುತ್ತಿದ್ದೀಯ ಅನ್ನುವುದರ ಮೇಲೆ ಇರುತ್ತದೆ. ಮೇ ತಿಂಗಳಲ್ಲಿ ಬೀಜದ ಮೂಟೆ ಇನ್ನೂ ಮಂಡಿಯಲ್ಲಿದೆ, ದುಡ್ಡು ಅಪ್ಪನ ಜೇಬಿನಲ್ಲಿದೆ. ಆ ದಿನ 65,000ವೂ ತಪ್ಪಿಸಬಹುದಾದ ವೆಚ್ಚ. ಮೂಟೆಗೆ 650 ಸಿಗಲ್ಲ ಅನ್ನಿಸಿದರೆ ಬಿತ್ತಬಾರದು. ಕೀಳುವ ದಿನಕ್ಕೆ ಬಂದರೆ ಬೀಜ ಮಣ್ಣಿಗೆ ಹೋಗಿದೆ, ಔಷಧಿ ಮಳೆಗೆ ತೊಳೆದುಹೋಗಿದೆ. ಕಿತ್ತರೂ ಬಿಟ್ಟರೂ ಆ 50,000 ವಾಪಸ್ ಬರುವುದಿಲ್ಲ. ಅದು ಮುಳುಗಿದ ವೆಚ್ಚ. ಆ ದಿನ ಬದಲಾಗುವುದು 15,000 ಮಾತ್ರ, ಮೂಟೆಗೆ 150. ಬೆಲೆ 400. ಕಿತ್ತರೆ ನಷ್ಟ 25,000, ಬಿಟ್ಟರೆ 50,000. ಬೆಲೆ 150ಕ್ಕಿಂತ ಕೆಳಗೆ ಬಿದ್ದಿದ್ದರೆ ಆಗ ಹೊಲದಲ್ಲೇ ಬಿಡುವುದು ಸರಿ. ಟ್ರ್ಯಾಕ್ಟರ್ ಹೊಡೆಸಿ ಬೆಳೆ ಮಣ್ಣಿಗೆ ಸೇರಿಸಿದ ಸುದ್ದಿ ಪೇಪರಿನಲ್ಲಿ ಓದುತ್ತೇವಲ್ಲ, ಅವರಿಗೆ ಲೆಕ್ಕ ಬರಲ್ಲ ಅಂತಲ್ಲ. ಬೆಲೆ ಈ ಗೆರೆ ದಾಟಿ ಕೆಳಗೆ ಹೋಗಿರುತ್ತದೆ.

ಸೊನ್ನೆ ಕೊಟ್ಟವರ ಮೇಲೆ ಸಿಟ್ಟು ಬೇಡ. ಪ್ರಶ್ನೆಯಲ್ಲಿ "ಬದಲಾಗುವ ವೆಚ್ಚ" ಅಂದರೆ ಈಗ ನಿಲ್ಲಿಸಿದರೆ ಉಳಿಯುವ ದುಡ್ಡು ಅಂತಲೇ ಅರ್ಥ. ನೀನು ಖರ್ಚಾದದ್ದನ್ನು ಸೇರಿಸಿದೆ. ಎರಡು ಮಾರ್ಕು ಕೊಡಬಹುದಿತ್ತು, ಅದು ಬೇರೆ ವಿಷಯ.

ಒಂದು ಕೇಳಬೇಕು. ಕೀಳುವುದಕ್ಕೆ 10,000 ಅಂದೆಯಲ್ಲ, ಒಂದು ಎಕರೆಗೆ ಅದು ಕಡಿಮೆ ಆಯಿತು. ಮನೆಯವರು ದುಡಿದಿಲ್ಲವಾ?

ಹೊಲದ_ಬದು

ಸರ್, ಹಿಡಿದುಬಿಟ್ಟಿರಿ. ಮುಯ್ಯಾಳು ಇತ್ತು. ಪಕ್ಕದ ಹೊಲದವರು ಹತ್ತು ಆಳು ಬಂದಿದ್ದರು. ಅಮ್ಮ, ಅಪ್ಪ ವಾಪಸ್ ಅವರ ಹೊಲಕ್ಕೆ ಹೋಗಿ ತೀರಿಸಿದರು. ದುಡ್ಡು ಕೊಟ್ಟಿಲ್ಲ ಅಂತ ಬರೆದುಕೊಂಡಿಲ್ಲ.

ಸೀಮೆಸುಣ್ಣ

ಅದೇ ಅವಕಾಶ ವೆಚ್ಚ. ಇಬ್ಬರದೂ ಸೇರಿ ತೀರಿಸಿದ ಹತ್ತು ದಿನ ಅವರು ಬೇರೆ ಕಡೆ ಕೂಲಿಗೆ ಹೋಗಿದ್ದರೆ? ದಿನಕ್ಕೆ 400 ಅಂತ ಇಟ್ಟುಕೋ, 4,000 ಆಯಿತು. ಈಗ ಕೀಳುವ ವೆಚ್ಚ 19,000, ಮೂಟೆಗೆ 190. ಆದರೂ 400ಕ್ಕಿಂತ ಕಡಿಮೆ, ಉತ್ತರ ಬದಲಾಗಲಿಲ್ಲ. ಆದರೆ ಬೆಲೆ 170 ಇದ್ದಿದ್ದರೆ ನಿನ್ನ ಚೀಟಿ "ಕೀಳು" ಅನ್ನುತ್ತಿತ್ತು, ಸರಿಯಾದ ಲೆಕ್ಕ "ಬೇಡ" ಅನ್ನುತ್ತಿತ್ತು. ಅಮ್ಮನ ದಿನಕ್ಕೆ ಸೊನ್ನೆ ಬೆಲೆ ಕಟ್ಟಿದ್ದರಿಂದ ಆಗುವ ತಪ್ಪು ಅದು.

ಇನ್ನೂ ಒಂದು ಹೆಜ್ಜೆ. 190 ಅನ್ನುವುದು ಸರಾಸರಿ. ಹೊಲದ ಎಲ್ಲ ಗುಂಟೆಯೂ ಒಂದೇ ಥರ ಇರುವುದಿಲ್ಲ. ತಗ್ಗಿನಲ್ಲಿ ನೀರು ನಿಂತು ಕೊಳೆತ ಜಾಗ ಇತ್ತಾ?

ಹೊಲದ_ಬದು

ಇತ್ತು ಸರ್. ಕೆರೆ ಕಡೆ ಹತ್ತು ಗುಂಟೆ. ಅಲ್ಲಿ ಬರೀ ಆರು ಮೂಟೆ ಸಿಕ್ಕಿತು. ಅದಕ್ಕೂ ಅಷ್ಟೇ ಹೊತ್ತು ಹಿಡಿಯಿತು.

ಸೀಮೆಸುಣ್ಣ

ಹಾಗಾದರೆ ನೋಡು. ಕೂಲಿ, ಮುಯ್ಯಿ ಸೇರಿ 14,000, ನಲವತ್ತು ಗುಂಟೆಗೆ ಹಂಚಿದರೆ ಗುಂಟೆಗೆ 350. ಹತ್ತು ಗುಂಟೆಗೆ 3,500. ಆರು ಮೂಟೆಗೆ ಚೀಲ, ಗಾಡಿ 300. ಒಟ್ಟು 3,800 ಕೊಟ್ಟು 2,400ರ ಮಾಲು ತೆಗೆದಿದ್ದೀರಿ. ಒಳ್ಳೆಯ ಮೂವತ್ತು ಗುಂಟೆ ಕಿತ್ತು ಅಲ್ಲಿಗೆ ನಿಲ್ಲಿಸಿದ್ದರೆ 1,400 ಉಳಿಯುತ್ತಿತ್ತು. ಸೀಮಾಂತ ವೆಚ್ಚ ಅಂದರೆ ಇದೇ. ಇಡೀ ಹೊಲ ಕೀಳಬೇಕಾ ಅನ್ನುವುದಕ್ಕೆ ಸರಾಸರಿ ನೋಡು. ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಮುಂದಿನ ಮೂಟೆಯ ವೆಚ್ಚ ನೋಡು.

ಒಣಗಿಸೋ_ಕಣ (ಮೂಡಿಗೆರೆ)

ಮೇಷ್ಟ್ರೇ, ಅಲ್ಲಿ ನಿಲ್ಲಿಸಿ ಅಂತ ಇಷ್ಟು ಬೇಗ ಹೇಳಬೇಡಿ. ನಾನು ಕಾಫಿಯವನು, ಆದರೂ ಹೇಳುತ್ತೇನೆ. ನಮ್ಮಲ್ಲಿ ಕುಯಿಲು ಎಲ್ಲ ಮುಗಿದ ಮೇಲೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಉಳಿದಿರುತ್ತದೆ, ನೆಲಕ್ಕೂ ಉದುರಿರುತ್ತದೆ. ಅದನ್ನು ಹೆಕ್ಕಿಸಿದರೆ ಆಳಿನ ಕೂಲಿಯೂ ಹುಟ್ಟುವುದಿಲ್ಲ. ಆದರೂ ಹೆಕ್ಕಿಸುತ್ತೇವೆ. ಯಾಕೆಂದರೆ ಕಾಯಿಕೊರಕ ಹುಳು ಆ ಉಳಿದ ಕಾಯಿಯೊಳಗೇ ಕೂತು ಮುಂದಿನ ವರ್ಷದ ಫಸಲಿಗೆ ಹತ್ತುತ್ತದೆ. ಒಂದು ವರ್ಷ ದುಡ್ಡು ಉಳಿಸೋಣ ಅಂತ ನಾನು ಬಿಟ್ಟೆ. ಮಾರನೇ ವರ್ಷ ರೋಬಸ್ಟಾದಲ್ಲಿ ತೂತು ಬಿದ್ದ ಕಾಯಿ ನೋಡಿ ಹೊಟ್ಟೆ ಉರಿಯಿತು.

ಆಲೂಗಡ್ಡೆಗೂ ಅಷ್ಟೇ ಅಲ್ವಾ? ರೋಗ ಬಿದ್ದ ಗಡ್ಡೆ ಮಣ್ಣಲ್ಲಿ ಉಳಿದು ತಾನಾಗೇ ಚಿಗುರಿದರೆ ಅಂಗಮಾರಿ ಅಲ್ಲಿಂದಲೇ ಶುರುವಾಗಬಹುದು. ತಂಗಿ, ನಿಮ್ಮಪ್ಪ ಆ ಹತ್ತು ಗುಂಟೆ ಕೀಳಿಸಿದ್ದಕ್ಕೆ ಕಾರಣ ಇದೇನಾ ಅಂತ ಕೇಳಿ ನೋಡು. 2,400ರ ಪಕ್ಕದಲ್ಲಿ ಮುಂದಿನ ಬೆಳೆಯ ಲಾಭವನ್ನೂ ಬರೆಯಬೇಕು.

ಸೀಮೆಸುಣ್ಣ

ಒಪ್ಪಿದೆ. ನನ್ನ ಲೆಕ್ಕ ಒಂದೇ ವರ್ಷದ್ದು.

ಈಗ ದೋಸೆ. ರೂಮ್‌ಮೇಟ್ ಹೇಳಿದ ಕಾರಣ ತಪ್ಪು. ಉಪ್ಪಿಟ್ಟು ತಿಂದರೂ ಬಿಟ್ಟರೂ 2,400 ಹೋಗಿದೆ. ಆದರೆ ಇಲ್ಲಿ ಬಹಳ ಜನ ಇನ್ನೊಂದು ಕಡೆ ಜಾರುತ್ತಾರೆ. ಕಟ್ಟಿದ ದುಡ್ಡು ಮರೆತುಬಿಡು ಅಂದ ಮಾತ್ರಕ್ಕೆ ದೋಸೆಯೇ ಸರಿ ಅಂತ ಆಗಲಿಲ್ಲ. ಶನಿವಾರ ರಾತ್ರಿ ಮೆಸ್ಸಿನ ಊಟದ ಬೆಲೆ ಸೊನ್ನೆ, ದೋಸೆಯದು 50. ಉಪ್ಪಿಟ್ಟಿಗಿಂತ ದೋಸೆಯಲ್ಲಿ ಸಿಗುವ ಹೆಚ್ಚಿನ ಖುಷಿ 50 ರೂಪಾಯಿಗೆ ಸಮ ಅನ್ನಿಸಿದರೆ ಹೋಗು.

ಚಿತ್ರ ಬರೆದು ನೋಡು. ಅಡ್ಡಕ್ಕೆ ಮೆಸ್ಸಿನ ಊಟ, ಉದ್ದಕ್ಕೆ ದೋಸೆ. ತಿಂಗಳ ಖರ್ಚಿಗೆ ನಿನಗೆ 4,000 ಇದೆ ಅಂದುಕೋ. ಮೆಸ್ಸು ಊಟಕ್ಕೆ ಇಷ್ಟು ಅಂತ ಕೂಪನ್ ಕೊಟ್ಟಿದ್ದರೆ, ಅರವತ್ತು ಊಟಕ್ಕೆ 2,400, ಊಟಕ್ಕೆ 40. ಬಜೆಟ್ ರೇಖೆ, ಅಂದರೆ ಇರುವ ದುಡ್ಡಿಗೆ ಸಿಗುವ ಊಟ-ದೋಸೆ ಜೋಡಿಗಳ ಗೆರೆ, 80 ದೋಸೆಯಿಂದ 100 ಊಟದವರೆಗೆ ಓರೆಯಾಗಿ ಇಳಿಯುತ್ತದೆ. ಇಂಡಿಫರೆನ್ಸ್ ಕರ್ವ್ (ನಿನಗೆ ಒಂದೇ ಸಮ ಖುಷಿ ಕೊಡುವ ಜೋಡಿಗಳ ಗೆರೆ) ಅದನ್ನು ಮುಟ್ಟುವ ಕಡೆ ನಿನ್ನ ಮನಸ್ಸಿನ ವಿನಿಮಯ ದರ 40ಕ್ಕೆ 50 ಇರುತ್ತದೆ, ಅಂದರೆ ಐದು ಊಟಕ್ಕೆ ನಾಲ್ಕು ದೋಸೆ. ಮೊದಲೇ ಕಟ್ಟಿಸಿಕೊಂಡರೆ ಕೈಯಲ್ಲಿ ಉಳಿಯುವುದು 1,600, ಅಂದರೆ 32 ದೋಸೆ. ರೇಖೆ 32ರಲ್ಲಿ ಮಟ್ಟಸವಾಗಿ ಅರವತ್ತನೇ ಊಟದವರೆಗೆ ಹೋಗಿ ಧಡ್ ಅಂತ ಕೆಳಗೆ ಬೀಳುತ್ತದೆ. ಎರಡೂ ರೇಖೆ ಆ ಮೂಲೆಯಲ್ಲಿ ಸೇರುತ್ತವೆ. ಕೂಪನ್ ಇದ್ದಿದ್ದರೆ ನಲವತ್ತು ಊಟ, 48 ದೋಸೆ ಆರಿಸುವ ಹುಡುಗಿಗೆ ಈಗ ಆ ಜಾಗವೇ ಇಲ್ಲ. ಮೆಸ್ಸಿನವರು ಮೊದಲೇ ಯಾಕೆ ಕಟ್ಟಿಸಿಕೊಳ್ಳುತ್ತಾರೆ ಗೊತ್ತಾಯಿತಲ್ಲ. ಅಕ್ಕಿ ಬೇಳೆ ತರುವಾಗ ಎಷ್ಟು ತಟ್ಟೆ ಅಂತ ಅವರಿಗೂ ಖಾತ್ರಿ ಬೇಕು.

ಹಳೇ_ನೋಟ್ಸು (ಹಾಸನ)

ಗಿಫೆನ್ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ನಿನ್ನ ಅನುಮಾನ ಸರಿ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1895ರಲ್ಲಿ ರಾಬರ್ಟ್ ಗಿಫೆನ್ ಹೆಸರು ಹೇಳಿ ಕೊಟ್ಟ ಉದಾಹರಣೆ ಬ್ರೆಡ್ಡಿನದು. ಐರ್ಲೆಂಡಿನ ಆಲೂಗಡ್ಡೆ ಆಮೇಲೆ ಪಠ್ಯಪುಸ್ತಕಗಳಲ್ಲಿ ಸೇರಿಕೊಂಡಿತು. ಯೋಚನೆ ಮಾಡು. 1845ರಲ್ಲಿ ಅಲ್ಲಿ ಬೆಳೆ ಹಾಳಾಗಿದ್ದರಿಂದ ಬೆಲೆ ಏರಿತು. ಇಲ್ಲದ ಆಲೂಗಡ್ಡೆಯನ್ನು ಊರೆಲ್ಲ ಜಾಸ್ತಿ ತಿನ್ನುವುದು ಹೇಗೆ? (ಬೆಳೆ ಹಾಳು ಮಾಡಿದ್ದು ಯಾವ ರೋಗ ಗೊತ್ತಾ? ನಿಮ್ಮಪ್ಪ 8,000 ಖರ್ಚು ಮಾಡಿ ಔಷಧಿ ಹೊಡೆದರಲ್ಲ, ಅದೇ ಅಂಗಮಾರಿ.)

ಗಟ್ಟಿ ಉದಾಹರಣೆ ಬೇಕಿದ್ದರೆ ಚೀನಾದ ಹುನಾನ್ ಪ್ರಾಂತ್ಯದ್ದು ಬರಿ. ಜೆನ್ಸೆನ್ ಮತ್ತು ಮಿಲ್ಲರ್ ಅನ್ನುವ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ್ದು. ಬಡ ಮನೆಗಳಿಗೆ ಅಕ್ಕಿಯನ್ನು ಅಗ್ಗ ಮಾಡಿಕೊಟ್ಟರು, ಅವರು ಅಕ್ಕಿ ಕಡಿಮೆ ತಿಂದರು. ಉಳಿದ ದುಡ್ಡು ಬೇರೆ ಆಹಾರಕ್ಕೆ ಹೋಯಿತು. ನಿಮ್ಮಮ್ಮನ ಹತ್ತಿರ ಬದಲಿಗೆ ಹಾಕೋಕೆ ಸೋರೆಕಾಯಿ ಇದೆ, ಅದಕ್ಕೇ ನಿಮ್ಮನೆಯಲ್ಲಿ ಆಲೂಗಡ್ಡೆ ಗಿಫೆನ್ ವಸ್ತು ಆಗುವುದಿಲ್ಲ.

ಹೊಲದ_ಬದು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿದ್ದೆ. ಕೆರೆ ಕಡೆ ಹತ್ತು ಗುಂಟೆ ಯಾಕೆ ಕೀಳಿಸಿದಿರಿ ಅಂತ ಅಪ್ಪನನ್ನು ಕೇಳಿದೆ. ರೋಗದ ವಿಷಯ ಅವರ ತಲೆಯಲ್ಲಿ ಇರಲಿಲ್ಲ. ಬಂದ ಮುಯ್ಯಾಳನ್ನು ಮಧ್ಯಾಹ್ನಕ್ಕೇ ವಾಪಸ್ ಕಳಿಸೋಕಾಗುತ್ತಾ ಅಂದರು. ನಾವು ತೀರಿಸಬೇಕಾಗಿದ್ದು ಹೇಗೂ ಪೂರ್ತಿ ದಿನ. ಅಂದರೆ ಸರ್, ಮಧ್ಯಾಹ್ನದ ಮೇಲೆ ಮುಯ್ಯಿಯೂ ಮುಳುಗಿದ ವೆಚ್ಚವೇ ಆಯಿತಲ್ಲ? ಅದನ್ನು ತೆಗೆದರೆ ಆ ಜಾಗದ ಕೂಲಿ 2,500, ಚೀಲ ಗಾಡಿ 300, ನಷ್ಟ ಬರೀ 400.

ಬರುವ ಮೇ ತಿಂಗಳಲ್ಲಿ ಬೀಜ ಕೊಳ್ಳುವ ಮುಂಚೆ ಮುಯ್ಯಿಯನ್ನೂ ಸೇರಿಸಿ 690ರ ಲೆಕ್ಕ ಅಪ್ಪನ ಮುಂದೆ ಇಡುತ್ತೇನೆ. ಅಮ್ಮ ಆಗಲೇ ಅರ್ಧ ಎಕರೆಗೆ ಮುಸುಕಿನ ಜೋಳ ಹಾಕೋಣ ಅನ್ನುತ್ತಿದ್ದಾರೆ. ಅದಕ್ಕೆ ಆಳು ಕಡಿಮೆ ಸಾಕಂತೆ.